ನಾಯಿಗೆ ಹೆದರುವವಳು ನಾಯಿ ಪಳಗಿಸಿದ್ದು

ಹೋದ ತಿಂಗಳು ನಮ್ಮ ಬೀದಿಯಲ್ಲೇ ಒಂದು ಗೃಹಪ್ರವೇಶ. ಹೋಮದ ಹೊಗೆ ತಾಳಲಾರದೆ ನಾವು ನಾಲ್ಕಾರು ಹೆಂಗಸರು ಒಳಕೋಣೆಯಲ್ಲಿ ಜಮಖಾನದ ಮೇಲೆ ಕೂತಿದ್ದೆವು. ನನ್ನ ಪಕ್ಕದಲ್ಲಿ ಕೂತವರು ನಿವೃತ್ತ ತಹಶೀಲ್ದಾರರ ಹೆಂಡತಿ. ಅವರ ಮುಂದೆ ಜೋರಾಗಿ ಕೆಮ್ಮುವುದಕ್ಕೂ ಶಿಕಾರಿಪುರದ ಜನ ಒಂದು ಸಲ ಯೋಚಿಸುತ್ತಾರೆ. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ಅದೇ ಹೊತ್ತಿಗೆ ಅವರು ಏನೋ ಕೇಳಲೆಂದು ನನ್ನ ಮೊಣಕಾಲು ಮುಟ್ಟಿದರು. ಅಷ್ಟೇ. ನನ್ನ ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು, ಎಡಗೈ ಅವರ ತಲೆ ಸವರಿತು, ಬಾಯಿ "ಶಾಬಾಸ್ ಮರೀ!" ಅಂದುಬಿಟ್ಟಿತು.

ಅವರು ಓರೆಯಾದ ಮಲ್ಲಿಗೆ ದಂಡೆಯನ್ನು ಸರಿಮಾಡಿಕೊಂಡು ಎದ್ದು ಹೋಮದ ಹೊಗೆಯೇ ಮೇಲೆಂದು ಹೊರಗೆ ಹೋದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. "ತಹಶೀಲ್ದಾರ್ರ ಹೆಂಡ್ತಿಗೆ ರೊಟ್ಟಿ ಚೂರೂ ಕೊಟ್ಯೇನು?" ಎಂದು ಯಜಮಾನರು ಬಾಗಿಲಲ್ಲೇ ಕೇಳಿದರು.

ಈ ಅಭ್ಯಾಸ ನನಗೆ ಹೇಗೆ ಅಂಟಿತು ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಳೆ ನೀವೂ ನನ್ನ ಪಕ್ಕ ಕೂರಲು ಹಿಂದೆಮುಂದೆ ನೋಡೀರಿ.

ಮೊದಲಿಗೆ, ನನಗೆ ನಾಯಿ ಕಂಡರೆ ಭಯ. ಎರಡನೇ ಕ್ಲಾಸಿನಲ್ಲಿದ್ದಾಗ ಹಿಟ್ಟಿನ ಗಿರಣಿಗೆ ಜೋಳದ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಗಿರಣಿ ಮುಂದಿನ ಕಂದು ನಾಯಿಯೊಂದು ಯಾವ ಪೂರ್ವದ್ವೇಷವೂ ಇಲ್ಲದೆ ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಆಗಿನ ಕಾಲಕ್ಕೆ ಅದರ ಮದ್ದು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅಪ್ಪ ದಿನಾ ಬೆಳಿಗ್ಗೆ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು, ನಾನು ಊರಿಗೆಲ್ಲ ಕೇಳುವಂತೆ ಅಳುವುದು, ಬರುವಾಗ ಅಪ್ಪ ಬತ್ತಾಸು ಕೊಡಿಸುವುದು. ಹದಿನಾಲ್ಕು ದಿನ, ಹದಿನಾಲ್ಕು ಬತ್ತಾಸು. ಸೂಜಿಯ ನೋವು ಮರೆತಿದೆ. ಬತ್ತಾಸಿನ ರುಚಿಯೂ ಆ ನಾಯಿಯ ಮುಖವೂ ಮರೆತಿಲ್ಲ. ಅಂದಿನಿಂದ ಶಿಕಾರಿಪುರದ ಬೀದಿಗಳು ನನಗೆ ಎರಡು ಬಗೆ: ನಾಯಿ ಇರುವವು, ನಾಯಿ ಇಲ್ಲದವು. ನಾಲ್ಕು ಹೆಜ್ಜೆಯ ಅಂಗಡಿಗೆ ಅರ್ಧ ಊರು ಸುತ್ತಿ ಹೋಗುವ ನನ್ನನ್ನು ಕಂಡು ಜನ ಇವಳಿಗೆ ನಡೆಯುವ ಹುಚ್ಚು ಅಂದುಕೊಂಡಿದ್ದರು.

ಇಂಥ ನಾನು ಜಲಜಳಿಗಾಗಿ ನಾಯಿ ಸಾಕಿದೆ.

ಜಲಜ ನಾನು ಮುಖ ನೋಡದೆಯೇ ಹತ್ತು ತಿಂಗಳು ಸ್ನೇಹ ಮಾಡಿದ ಹೆಂಗಸು. ನಾನು ಶಿಕಾರಿಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಅವಳು ಸೊರಬದ ಎಕ್ಸ್‌ಚೇಂಜಿನಲ್ಲಿ. ಆಗ ಊರಿಂದೂರಿಗೆ ಮಾತಾಡಬೇಕಾದರೆ ಜನ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ನಾವು ವೈರು ಸಿಕ್ಕಿಸಿ ಅವರನ್ನು ಜೋಡಿಸುತ್ತಿದ್ದೆವು. ಸೊರಬದ ಅಡಿಕೆ ಮಂಡಿಯವರು ಶಿಕಾರಿಪುರದವರ ಜೊತೆ ಜಗಳ ಮುಗಿಸಿ ಫೋನಿಟ್ಟ ಮೇಲೆ ಲೈನು ಖಾಲಿ ಬಿದ್ದಿರುತ್ತಿತ್ತು. ಆ ಖಾಲಿ ಲೈನಿನಲ್ಲಿ ನಮ್ಮಿಬ್ಬರ ಸಂಸಾರ ನಡೆಯಿತು. ನಾನು ತಂಬುಳಿ ಮಾಡುವುದನ್ನು ಅಲ್ಲೇ ಕಲಿತೆ, ಅವಳು ಜೋಳದ ರೊಟ್ಟಿ ತಟ್ಟುವುದನ್ನು ಅಲ್ಲೇ ಕಲಿತಳು. ಬಾಯಲ್ಲಿ ಕಲಿತ ರೊಟ್ಟಿ ಕೈಗೆ ಬರಲಿಲ್ಲ, ಅದು ಬೇರೆ ಮಾತು.

ನನಗೆ ಗಂಡು ನೋಡುವಾಗ ಅವಳು, "ಮುಖ ಆಮೇಲಾತು ಮಾರಾಯ್ತಿ, ದನಿ ಹೆಂಗಿದೆ ಹೇಳು" ಅಂದಳು. ಗಂಡು ಸರ್ವೆ ಇಲಾಖೆಯವರು, ಒಂದು ದಿನ ಯಾವುದೋ ಆಫೀಸ್ ಕೆಲಸಕ್ಕೆ ಸೊರಬಕ್ಕೆ ಫೋನು ಹಚ್ಚಿದರು. ಅವಳು ಕೇಳಿಸಿಕೊಂಡು ಆಮೇಲೆ ನನಗೆ ತೀರ್ಪು ಕೊಟ್ಟಳು: "ದನಿಲಿ ಸುಳ್ಳಿಲ್ಲ. ಆಗ್ಬಹುದು." ಈ ಸರ್ಟಿಫಿಕೇಟನ್ನು ಯಜಮಾನರು ಇಂದಿಗೂ ಜಗಳದಲ್ಲಿ ಬಳಸುತ್ತಾರೆ. ಹತ್ತು ತಿಂಗಳ ಮೇಲೆ ನಾನು ಮೊದಲ ಸಲ ಸೊರಬಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಾ ನಿಂತಿದ್ದೆವು, ಐದು ಮಾರು ದೂರದಲ್ಲಿ. ಅವಳು ಹೂವಿನವಳ ಹತ್ತಿರ "ಒಂದು ಮೊಳ ಕೊಡೆ" ಅಂದಳು ನೋಡಿ, ನಾನು ಹೋಗಿ ಹಿಂದಿನಿಂದ ತಬ್ಬಿಕೊಂಡೆ.

ಅಂಥ ಕಿವಿ ಅವಳದು. ಆ ಕಿವಿಯೇ ಹೋಯಿತು. ನಿವೃತ್ತಿಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಮಂದವಾಗುತ್ತಾ ಬಂದು ಆರು ವರ್ಷದ ಹಿಂದೆ ಪೂರಾ ನಿಂತಿತು. ಕಿವಿಗೆ ಮಷಿನ್ ಹಾಕಿದರೆ "ಬರೀ ಗೊರ್ ಅಂತದೆ, ಮಾತು ಕೇಳೂದಿಲ್ಲ" ಎಂದು ತೆಗೆದಿಟ್ಟಳು. ತುಟಿ ನೋಡಿ ಮಾತು ಹಿಡಿಯುವುದನ್ನು ತಾನೇ ಕಲಿತಳು. ಮದುವೆಯಾದವಳಲ್ಲ. ಸೊರಬದ ಮಾರ್ಕೆಟ್ ಹಿಂದಿನ ಬೀದಿಯಲ್ಲಿ ತನ್ನದೇ ಪುಟ್ಟ ಮನೆ, ಮುಂಗೋಣೆಯಲ್ಲಿ ಹೊಲಿಗೆ ಮಷಿನ್ನು. ಸುತ್ತಲಿನ ಹೆಂಗಸರ ಕುಪ್ಪಸವೆಲ್ಲ ಅವಳ ಕೈಯಲ್ಲೇ ಆಗಬೇಕು.

ಒಂದು ದಿನ ನಾನು ಹೇಳದೆ ಕೇಳದೆ ಸೊರಬಕ್ಕೆ ಹೋದೆ. ಬಾಗಿಲು ಬಡಿದೆ, ತೆಗೆಯಲಿಲ್ಲ. ಕಿಟಕಿಯಲ್ಲಿ ಇಣುಕಿದರೆ ಜಲಜ ನನಗೆ ಬೆನ್ನು ಮಾಡಿ ಮಷಿನ್ ತುಳಿಯುತ್ತಿದ್ದಾಳೆ. ಅವಳ ಬೆನ್ನ ಹಿಂದಿನ ಅಡುಗೆಮನೆ ಬಾಗಿಲಿಂದ ಕಪ್ಪು ಹೊಗೆ ಹೊರಳಿ ಹೊರಳಿ ಬರುತ್ತಿದೆ. "ಜಲಜಾ! ಜಲಜಾ!" ಎಂದು ಕೂಗಿದೆ. ಯಾರನ್ನು ಕೂಗುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಕಾಲಿನ ಚಪ್ಪಲಿ ತೆಗೆದು ಕಿಟಕಿ ಸರಳಿನ ಸಂದಿಯಿಂದ ಬೀಸಿದೆ. ಗುರಿಯಿಟ್ಟದ್ದು ಗೋಡೆಗೆ, ಬಿದ್ದದ್ದು ಅವಳ ಬೆನ್ನಿಗೆ. ತಿರುಗಿದಳು, ಹೊಗೆ ನೋಡಿದಳು, ಓಡಿ ಗ್ಯಾಸ್ ಆರಿಸಿದಳು. ಹಾಲಿನ ಪಾತ್ರೆ ಸುಟ್ಟು ತಳ ಸೀಳಿತ್ತು, ಪಕ್ಕದಲ್ಲಿ ನೇತುಹಾಕಿದ್ದ ಬಟ್ಟೆಗೆ ಕಿಡಿ ಹತ್ತಿತ್ತು. ಅವಳು ಬಾಗಿಲು ತೆಗೆದು, ನನ್ನ ಚಪ್ಪಲಿ ಕೈಯಲ್ಲಿ ಹಿಡಿದು, "ಎಂತಾ ಗುರಿಯೇ ನಿಂದು" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ಅವಳ ತಮ್ಮ ಶ್ರೀಧರ ಸಾಗರದಲ್ಲಿ ಮೇಷ್ಟ್ರು. ಸುದ್ದಿ ಕೇಳಿ ಮರುದಿನವೇ ಬಂದ. "ಸಾಕು ಅಕ್ಕ, ಈ ಮನೆ ಮುಚ್ಚು, ನಮ್ಮನೆಗೆ ಬಾ" ಅಂದ. ಒಳ್ಳೆಯವನು. ಒಳ್ಳೆಯವರ ಜೊತೆ ಜಗಳ ಆಡುವುದು ಬಲು ಕಷ್ಟ. ಅವನು ಹೊರಗೆ ಫೋನಿನಲ್ಲಿದ್ದಾಗ ಜಲಜ ನನ್ನ ಹತ್ತಿರ ಅಂದಳು: "ಅವನ ಮನೇಲಿ ನಂಗೆ ಎಂತದೂ ಕಮ್ಮಿ ಆಗೂದಿಲ್ಲ ವಿಮಲಾ. ಆದ್ರೆ ಇಲ್ಲಿ ನಾನು ಟೈಲರ್ ಜಲಜಕ್ಕ. ಅಲ್ಲಿ ನಾನು ಕಿವಿ ಕೇಳದ ಅತ್ತೆ."

ಶ್ರೀಧರ ಒಳಗೆ ಬಂದ ಕೂಡಲೇ ನನ್ನ ಬಾಯಿಂದ ಮಾತು ಜಾರಿತು. ಕಿವಿ ಕೇಳದವರಿಗೆ ಸದ್ದಿನ ಸುದ್ದಿ ಮುಟ್ಟಿಸುವ ನಾಯಿಗಳನ್ನು ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಬಾಗಿಲು ಬಡಿದರೆ ಬಂದು ಮುಟ್ಟುತ್ತವೆ, ಸದ್ದು ಬಂದ ಕಡೆ ಕರೆದೊಯ್ಯುತ್ತವೆ. "ಅಂಥದ್ದೊಂದು ನಾಯಿ ನಾನು ತಯಾರು ಮಾಡಿ ಕೊಡ್ತೀನಿ. ಒಂದು ವರ್ಷ ಟೈಮ್ ಕೊಡು" ಅಂದೆ.

"ವಿಮಲಕ್ಕ, ನೀವು ನಾಯಿ ಫೋಟೋ ಕಂಡ್ರೂ ಹೆದರ್ತೀರಲ್ಲ!" ಅಂದ ಶ್ರೀಧರ.

"ಅದು ನನ್ನ ಕಷ್ಟ. ನೀನು ಟೈಮ್ ಕೊಡು."

ಕೊಟ್ಟ. ಅಲ್ಲಿಯವರೆಗೆ ತಾನಾಗಿ ಆರುವ ಕರೆಂಟ್ ಒಲೆ, ದಿನಕ್ಕೆರಡು ಸಲ ಪಕ್ಕದ ಮನೆಯವರು ಬಂದು ನೋಡುವುದು ಎಂದು ಗೊತ್ತಾಯಿತು. ವರ್ಷ ಕಳೆದ ಮೇಲೂ ನಾಯಿ ಕಲಿಯದಿದ್ದರೆ ಜಲಜ ಮಾತಿಲ್ಲದೆ ಸಾಗರಕ್ಕೆ ಹೊರಡಬೇಕು. ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ ನನಗೆ ಬೆವರು ಶುರುವಾಯಿತು.

ನಮ್ಮ ಪುಣ್ಯ, ನಮ್ಮ ಬೀದಿಯ ಕೊನೆಯ ಮನೆ ನಿಂಗಪ್ಪನವರದು. ಪೊಲೀಸ್ ನಾಯಿಗಳನ್ನು ಪಳಗಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನ ಕಥೆ ಕೇಳಿ ತುಂಬ ಹೊತ್ತು ಮೀಸೆ ತಿರುವಿದರು. "ಕಳ್ಳನ್ನ ಹಿಡಿಯೋದು ಸುಲಭ ಐತಿ ಅಮ್ಮಾರೆ. ಇದು ಅದಕ್ಕಿಂತ ದೊಡ್ಡ ಕೆಲ್ಸ. ಮೊದ್ಲು ಸರಿಯಾದ ಮರಿ ಸಿಗ್ಬೇಕು" ಎಂದು ನನ್ನನ್ನೂ ಯಜಮಾನರನ್ನೂ ತಾಳಗುಂದದ ಕುರಿ ಸಾಕುವ ರೇಣುಕವ್ವನ ಮನೆಗೆ ಕರೆದೊಯ್ದರು.

ಜೋಳದ ದಂಟಿನ ಬಣವೆಯ ನೆರಳಲ್ಲಿ ಐದು ಮರಿ. ನಿಂಗಪ್ಪ ರೇಣುಕವ್ವನ ಹತ್ತಿರ ಸ್ಟೀಲ್ ತಟ್ಟೆ ಇಸಕೊಂಡು ಮರಿಗಳ ಹಿಂದೆ ಧಡಾರನೆ ಕೆಡವಿದರು. ನಾಲ್ಕು ಮರಿ ದಿಕ್ಕಾಪಾಲಾದವು. ಐದನೆಯದು, ಬಿಳಿ ಎದೆಯ ಕಂದು ಹೆಣ್ಣುಮರಿ, ಮೊದಲು ಬೆಚ್ಚಿ ಎರಡು ಸುತ್ತು ಗಿರ್ರನೆ ತಿರುಗಿತು. ಆಮೇಲೆ ತಟ್ಟೆಯ ಹತ್ತಿರ ಹೋಗಿ ಮೂಸಿತು. ಕೊನೆಗೆ ತಲೆಯೆತ್ತಿ ನಮ್ಮ ಮುಖ ನೋಡಿತು.

"ಇದ್ಕೆ ಕುರಿ ಕಾಯಾಕೆ ಬರಲ್ಲ ಬಿಡ್ರಿ," ಅಂದಳು ರೇಣುಕವ್ವ. "ಎಲ್ಲಿ ಏನ್ ಸಪ್ಪಳ ಆತು ಅಂತ ನೋಡಾಕೆ ಹೋಗ್ತೈತಿ."

"ನಮಗೆ ಅದೇ ಬೇಕು," ಅಂದರು ನಿಂಗಪ್ಪ.

ಗಿರ್ರನೆ ತಿರುಗಿದ್ದಕ್ಕೆ ಬುಗುರಿ ಎಂದು ಹೆಸರಿಟ್ಟೆವು. ಆಟೋದಲ್ಲಿ ಬರುವಾಗ ಅದನ್ನು ನನ್ನ ತೊಡೆಯ ಮೇಲೆ ಇಟ್ಟರು. ನಾನು ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಕೂತೆ. ಅದು ನನ್ನ ಕಡೆ ಒಂದು ಸಲ ನೋಡಿತು, ಸೀರೆಯ ಮೇಲೆ ಉಚ್ಚೆ ಹೊಯ್ದಿತು, ಮಡಿಲಲ್ಲಿ ಮುದುಡಿ ಮಲಗಿತು. ಬೆಚ್ಚಗಿತ್ತು, ಹೊಟ್ಟೆ ಪುಟುಪುಟು ಬಡಿದುಕೊಳ್ಳುತ್ತಿತ್ತು. ಮನೆ ಬರುವಷ್ಟರಲ್ಲಿ ಎತ್ತಿದ ಕೈ ಇಳಿದಿತ್ತು. ಇಳಿದ ಕೈ ಅದರ ಬೆನ್ನ ಮೇಲಿತ್ತು.

ಕಲಿಸುವುದು ಕೇಳಲು ಸುಲಭ. ಮೊದಲು ಮೂತಿಯಿಂದಲೋ ಪಂಜದಿಂದಲೋ ಮೊಣಕಾಲು ಮುಟ್ಟುವುದು. ಮುಟ್ಟಿದರೆ ಒಣ ರೊಟ್ಟಿಯ ಚೂರು, ತಲೆ ಸವರಿ ಒಂದು "ಶಾಬಾಸ್ ಮರೀ". ಆಮೇಲೆ ಸದ್ದು: ಕುಕ್ಕರು, ಕಾಲಿಂಗ್ ಬೆಲ್ಲು, ಬಾಗಿಲು ಬಡಿತ, "ಜಲಜಕ್ಕಾ" ಎಂದು ಹೆಸರು ಕೂಗುವುದು. ಸದ್ದಾದರೆ ಬಂದು ಮುಟ್ಟಬೇಕು. ನಾವು ಅಂಗೈ ಮೇಲೆ ಮಾಡಿ "ಏನು?" ಎಂಬಂತೆ ತಿರುಗಿಸಿದರೆ ಸದ್ದಿನ ಕಡೆ ಕರೆದೊಯ್ಯಬೇಕು. ಬಾಯಿಮಾತು ಕಡಿಮೆ, ಕೈಸನ್ನೆ ಹೆಚ್ಚು. ನಮ್ಮತ್ತೆಯ ಎಲೆಅಡಿಕೆ ಸಂಚಿ ಹುಡುಕಿ ತೆಗೆದು ರೊಟ್ಟಿಚೂರು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾಡಲು ಹೋದಾಗ ಗೊತ್ತಾಯಿತು, ನಾನು ಬುಗುರಿಗೆ ಕಲಿಸುವುದಕ್ಕಿಂತ ಜೋರಾಗಿ ಬುಗುರಿ ನನಗೆ ಕಲಿಸುತ್ತಿದೆ. ಮುಟ್ಟಿದರೆ ರೊಟ್ಟಿ ಸಿಗುತ್ತದೆ ಎಂದು ಗೊತ್ತಾದದ್ದೇ ಅದು ದಿನಕ್ಕೆ ನೂರು ಸಲ ಬಂದು ಮುಟ್ಟತೊಡಗಿತು. ನಾನು ಎದ್ದು ಬಾಗಿಲಿಗೆ ಓಡುವುದು, ಅಲ್ಲಿ ಯಾರೂ ಇಲ್ಲ. ಅಡುಗೆಮನೆಗೆ ಓಡುವುದು, ಒಲೆಯೇ ಹಚ್ಚಿಲ್ಲ. ವಾರದಲ್ಲಿ ನನಗೆ ಮಂಡಿನೋವು, ಬುಗುರಿಗೆ ಬೊಜ್ಜು. "ನಮ್ಮ ಆಫೀಸ್ನಾಗೂ ಹಿಂಗೇ ಇತ್ತು," ಅಂದರು ಯಜಮಾನರು. "ಕೆಲ್ಸ ಇಲ್ದೇನೂ ಫೈಲ್ ಮುಟ್ಟಿ ಮುಟ್ಟಿ ತೋರ್ಸೋರು." ಅವರಿಗೂ ಬುಗುರಿಗೂ ಅಷ್ಟಕ್ಕಷ್ಟೆ. ಅವರು ಜೋಪಾನ ಮಾಡಿದ್ದ ಒಂದು ಹಳೇ ಹಳ್ಳಿಯ ನಕಾಶೆಯ ಮೂಲೆಯನ್ನು ಅದು ತಿಂದುಹಾಕಿತ್ತು. "ಎರಡು ಸರ್ವೆ ನಂಬರು ನುಂಗೈತಿ. ಹದ್ದುಬಸ್ತು ಮಾಡಿ ಕಟ್ಟಿಹಾಕು ಇದನ್ನ" ಎಂದು ಒಂದು ತಿಂಗಳು ಗೊಣಗಿದರು.

ನಿಂಗಪ್ಪ ಬಂದು ನೋಡಿದರು. "ತಪ್ಪು ನಾಯೀದಲ್ಲ ಅಮ್ಮಾರೆ. ಮುಖ ಕಂಡಾಗೆಲ್ಲ ನೀವು ಕೊಡ್ತಿದೀರಿ. ಸದ್ದು ಇದ್ರೆ ರೊಟ್ಟಿ. ಅದೂ ಸದ್ದಿನ ಜಾಗಕ್ಕೆ ಕರ್ಕೊಂಡ್ ಹೋದ್ಮೇಲೆ. ಇಲ್ಲಾಂದ್ರೆ ಇಲ್ಲ. ನಿಮಗೆ ಕರುಳು ಹೆಚ್ಚಾತು."

ನಾಯಿಗೆ ಹೆದರಿ ಅರ್ಧ ಊರು ಸುತ್ತುತ್ತಿದ್ದವಳಿಗೆ ನಾಯಿಯ ಮೇಲೆ ಕರುಳು ಹೆಚ್ಚಾಯಿತೆಂದು ಬೈಗುಳ! ಆ ದಿನ ಒಳಗೊಳಗೇ ಹಿಗ್ಗಿದೆ.

ಕರುಳು ಗಟ್ಟಿ ಮಾಡಿಕೊಂಡೆ. ಸುಮ್ಮಸುಮ್ಮನೆ ಮುಟ್ಟಿದರೆ ರೊಟ್ಟಿ ಸಿಗುವುದು ನಿಂತಿತು. ಬುಗುರಿ ನಾಲ್ಕು ದಿನ ಮುನಿಸಿಕೊಂಡಿತು. ಐದನೆಯ ದಿನ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಓಡಿಬಂದು ಮೊಣಕಾಲಿಗೆ ಪಂಜ ಇಟ್ಟಿತು. ಕೈ ತಿರುಗಿಸಿದೆ. ಮುಂದೆ ಮುಂದೆ ಓಡಿ, ನಿಂತು ನಿಂತು ನನ್ನನ್ನು ನೋಡಿ, ಬೀದಿಬಾಗಿಲಿಗೆ ಕರೆದೊಯ್ದಿತು. ಪೋಸ್ಟಿನವರು ನಿಂತಿದ್ದರು. ನಾನು ಸಂತೋಷದಲ್ಲಿ ಸಂಚಿಯಿಂದ ರೊಟ್ಟಿ ತೆಗೆದದ್ದು ನೋಡಿ ಅವರು, "ಬ್ಯಾಡ್ರಿ, ತಿಂಡಿ ಆಗೇತಿ" ಅಂದರು.

ಆಮೇಲಿನ ತಿಂಗಳುಗಳೆಲ್ಲ ಊರು ಸುತ್ತುವುದೇ. ಸಂತೆ, ಬಸ್‌ಸ್ಟ್ಯಾಂಡು, ಮದುವೆ ಮಂಟಪದ ಬಾಗಿಲು, ಎಲ್ಲೆಲ್ಲಿ ಗದ್ದಲವೋ ಅಲ್ಲಲ್ಲಿ. ಬೇರೆ ನಾಯಿ ಬೊಗಳಿದರೂ ತಿರುಗಬಾರದು, ನೆಲಕ್ಕೆ ಬಿದ್ದ ಮಂಡಕ್ಕಿ ಮುಟ್ಟಬಾರದು. ಒಂದು ದಿನ ಗಿರಣಿಯ ಬೀದಿಗೂ ಹೋದೆವು. ಅಲ್ಲೊಂದು ಕಂದು ನಾಯಿ ಗುರ್ರೆಂದು ಎದ್ದಿತು, ಬಹುಶಃ ಹಳೆಯದರ ಮರಿಮೊಮ್ಮಗ. ಬುಗುರಿ ಅದರ ಕಡೆ ಕಣ್ಣೂ ಹೊರಳಿಸದೆ ನನ್ನ ಎಡಗಾಲಿಗೆ ಅಂಟಿಕೊಂಡು ನಡೆಯಿತು. ಅದು ಹೆದರಲಿಲ್ಲವೆಂದು ನಾನೂ ಹೆದರಲಿಲ್ಲ. ಅರವತ್ತು ವರ್ಷದ ಮೇಲೆ ಆ ಬೀದಿಯನ್ನು ತುದಿಯಿಂದ ತುದಿಗೆ ನೆಟ್ಟಗೆ ನಡೆದೆ.

ವರ್ಷ ತುಂಬುತ್ತಾ ಬಂತು. ಬುಗುರಿಯನ್ನು ಸೊರಬಕ್ಕೆ ಕರೆದೊಯ್ಯುವ ದಿನ ಬಸ್ಸಿನ ಕಂಡಕ್ಟರ್ ಕೈ ಅಡ್ಡ ಹಿಡಿದರು. "ಕೋಳಿ ಆದ್ರೆ ಹತ್ತಿಸ್ರಿ. ನಾಯಿ ಆಗಲ್ರಿ."

"ಇದು ಕಿವಿ ಕೇಳದವರ ಕೆಲಸಕ್ಕೆ ಕಲಿತ ನಾಯಿ ರೀ. ಸೀಟಿನ ಕೆಳಗೆ ಮಲಗುತ್ತೆ. ಒಂದು ಸಲ ಬೊಗಳಿದರೂ ಅಲ್ಲೇ ಇಳಿದುಬಿಡ್ತೀನಿ," ಅಂದೆ. ಹಿಂದಿನ ಸೀಟಿನವರು "ಹತ್ತಿಸ್ಕೊಳ್ಳೋ ಮಾರಾಯಾ, ನೋಡೇಬಿಡಾಣ" ಅಂದರು. ಹತ್ತಿದೆವು. ಶಿರಾಳಕೊಪ್ಪದಲ್ಲಿ ಒಬ್ಬಾಕೆ ಕೋಳಿಬುಟ್ಟಿ ತಂದು ಸೀದಾ ಬುಗುರಿಯ ಮೂತಿಯ ಪಕ್ಕ ಇಟ್ಟಳು. ಬುಟ್ಟಿಯ ಸಂದಿಯಿಂದ ಒಂದು ಹುಂಜ ಕತ್ತು ಹಾಕಿ ಬುಗುರಿಯ ಕಿವಿಗೆ ಕುಟುಕಿತು. ಇಡೀ ಬಸ್ಸು ಸೀಟು ಬಿಟ್ಟು ಎದ್ದು ನೋಡಿತು. ಬುಗುರಿ ಕಣ್ಣು ಮುಚ್ಚಿಕೊಂಡು ನಿಟ್ಟುಸಿರು ಬಿಟ್ಟಿತು. ಹುಂಜ ಇನ್ನೆರಡು ಸಲ ಕುಟುಕಿ ಬೇಜಾರಾಗಿ ಕತ್ತು ಒಳಗೆಳೆದುಕೊಂಡಿತು. ಸೊರಬದಲ್ಲಿ ಇಳಿಯುವಾಗ ಕಂಡಕ್ಟರೇ ಬಾಗಿಲ ಬಳಿ ಜನರನ್ನು ಸರಿಸಿ, "ಜಾಗ ಬಿಡ್ರಿ, ನಾಯಿ ಇಳೀತೈತಿ" ಅಂದರು. ನನಗೆ ಯಾವ ಬಸ್ಸಿನಲ್ಲೂ ಅಂಥ ಮರ್ಯಾದೆ ಸಿಕ್ಕಿಲ್ಲ.

ಗೆದ್ದೆ ಅಂದುಕೊಂಡೆ. ಗೆದ್ದಿರಲಿಲ್ಲ.

ಜಲಜಳ ಮನೆಯಲ್ಲಿ ಕುಕ್ಕರು ಸೀಟಿ ಹೊಡೆದರೆ ಬುಗುರಿ ಬಂದು ನನ್ನನ್ನು ಮುಟ್ಟುತ್ತಿತ್ತು. ಬಾಗಿಲು ಬಡಿದರೆ ನನ್ನನ್ನು ಮುಟ್ಟುತ್ತಿತ್ತು. ಯಾರಾದರೂ "ಜಲಜಕ್ಕಾ" ಎಂದು ಕೂಗಿದರೂ ನನ್ನನ್ನೇ. ಜಲಜ ನಗುತ್ತಾ, "ಕಿವಿ ಕೇಳೋರಿಗೇ ಮತ್ತೆ ಕೇಳಿಸ್ತಿದೆ ಇದು" ಅಂದಳು. ನಗುವಿನ ಹಿಂದೆ ಅವಳ ಮುಖ ಇಳಿದದ್ದು ಕಂಡಿತು. ನಿಂಗಪ್ಪನವರಿಗೆ ಫೋನು ಮಾಡಿದೆ.

"ಇನ್ಮೇಲೆ ನೀವು ಕಂಬ ಆಗ್ಬೇಕು ಅಮ್ಮಾರೆ," ಅಂದರು. "ಅದ್ರ ಮುಖ ನೋಡಂಗಿಲ್ಲ, ಮಾತಾಡಂಗಿಲ್ಲ, ಅನ್ನ ಹಾಕಂಗಿಲ್ಲ. ಎಲ್ಲಾ ಆ ಅಮ್ಮಾರ ಕೈಲಿ ಆಗ್ಲಿ. ಬಂದು ಮುಟ್ಟಿದ್ರೂ ನೀವು ಕಂಬ."

ನನ್ನ ಸಂಚಿಯನ್ನು ಬಿಚ್ಚಿ ಜಲಜಳ ಸೊಂಟಕ್ಕೆ ಸಿಕ್ಕಿಸಿದೆ. ಗೋಡೆಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂತೆ. ಬುಗುರಿ ಬಂದು ಮೊಣಕಾಲಿಗೆ ಪಂಜ ಇಡುವುದು, ನಾನು ಗೋಡೆಯ ಕ್ಯಾಲೆಂಡರ್ ಓದುವುದು. ಆ ತಿಂಗಳ ರಾಹುಕಾಲ, ಗುಳಿಕಕಾಲ ಎಲ್ಲ ನನಗೆ ಬಾಯಿಪಾಠವಾಯಿತು. ಅದು ತನ್ನ ಮೂತಿಯನ್ನು ನನ್ನ ಅಂಗೈಯೊಳಗೆ ತೂರಿಸಿ ನಿಲ್ಲುತ್ತಿತ್ತು. ಹದಿನಾಲ್ಕು ಇಂಜೆಕ್ಷನ್ನಿಗೆ ಊರಿಗೆ ಕೇಳುವಂತೆ ಅತ್ತವಳು ಈಗ ಸದ್ದಿಲ್ಲದೆ ಅಳುವುದನ್ನು ಕಲಿತೆ.

ಒಂಬತ್ತನೆಯ ದಿನ ಮಧ್ಯಾಹ್ನ ಜಲಜ ಕುಪ್ಪಸಕ್ಕೆ ಗುಂಡಿ ಹೊಲಿಯುತ್ತಿದ್ದಳು. ಕುಕ್ಕರು ಸೀಟಿ ಹೊಡೆಯಿತು. ಬುಗುರಿ ಎದ್ದು ನನ್ನ ಹತ್ತಿರ ಬಂತು. ನಾನು ಕ್ಯಾಲೆಂಡರ್ ನೋಡಿದೆ. ಎರಡನೇ ಸೀಟಿ. ಅದು ನನಗೂ ಅವಳಿಗೂ ನಡುವೆ ನಿಂತು ಗಿರ್ರನೆ ಒಂದು ಸುತ್ತು ಹಾಕಿತು. ಮೂರನೇ ಸೀಟಿ. ಪಂಜದ ಸದ್ದು ನನ್ನಿಂದ ದೂರ ಹೋಯಿತು. ನಿಯಮ ಮುರಿದು ತಿರುಗಿ ನೋಡಿದೆ: ಬುಗುರಿಯ ಬಲಪಂಜ ಜಲಜಳ ಮೊಣಕಾಲ ಮೇಲಿತ್ತು.

ಜಲಜ ಸೂಜಿ ಕೆಳಗಿಟ್ಟು, ಅಂಗೈಯನ್ನು ಮೇಲೆ ಮಾಡಿ ತಿರುಗಿಸಿದಳು. ಬುಗುರಿ ಅಡುಗೆಮನೆಗೆ ಹೊರಟಿತು. ಅವಳು ಅದರ ಹಿಂದೆ ಹೋಗಿ ಕುಕ್ಕರಿನ ಮುಂದೆ ನಿಂತಳು. "ವಿಮಲಾ, ಸೀಟಿ ಹೊಡೀತಾ?" ಎಂದು ಕೂಗಿದಳು. ಓಡಿಹೋಗಿ ತಲೆಯಾಡಿಸಿದೆ. "ಎಷ್ಟು?" ಅಂದಳು. ಮೂರು ಬೆರಳು ತೋರಿಸಿದೆ. "ಹಂಗಾದ್ರೆ ಬೇಳೆ ಬೆಂದಿದೆ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮುಂದಿನ ಭಾನುವಾರ ಶ್ರೀಧರ ಕಾರು ತೆಗೆದುಕೊಂಡು ಬಂದ. ಡಿಕ್ಕಿ ಖಾಲಿ ಮಾಡಿಸಿಕೊಂಡೇ ಬಂದಿದ್ದ. ಬುಗುರಿಗೆ ಪರೀಕ್ಷೆ ಶುರುವಾಯಿತು. ಬೆಲ್ ಒತ್ತಿದ, ಬುಗುರಿ ಜಲಜಳನ್ನು ಮುಟ್ಟಿತು. ಬಾಗಿಲು ಬಡಿದ, ಮುಟ್ಟಿತು. ಗೇಟಿನಾಚೆ ನಿಂತು "ಜಲಜಕ್ಕಾ" ಎಂದು ಹೆಂಗಸಿನ ದನಿ ಮಾಡಿ ಕೂಗಿದ, ಅದಕ್ಕೂ ಮುಟ್ಟಿತು. ಮೇಷ್ಟ್ರಲ್ಲವೇ, ಪೂರ್ತಿ ಅಂಕ ಕೊಡಲು ಮನಸ್ಸು ಬರಲಿಲ್ಲ.

"ಚೆನ್ನಾಗಿ ಕಲಿಸಿದೀರಿ ವಿಮಲಕ್ಕ, ಇಲ್ಲ ಅನ್ನಲ್ಲ," ಅಂದ ಊಟ ಮಾಡುತ್ತಾ. "ಆದ್ರೆ ಇದು ಕಲಿಸಿದ್ದಷ್ಟೇ ಮಾಡುತ್ತೆ. ಬದುಕಲ್ಲಿ ಆಗೋದೆಲ್ಲ ಕಲಿಸದೇ ಇರೋದೇ ಅಲ್ವ?"

 ಜಲಜ ಅವನ ತುಟಿ ನೋಡಿ ಮಾತು ಹಿಡಿದಿದ್ದಳು. ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದಳು.

ಊಟದ ಮೇಲೆ ನಾನು ದಾರದುಂಡೆ ತರಲು ಅಂಗಡಿಗೆ ಹೋದೆ. ಬರುವಾಗ ಗೇಟಿನಲ್ಲೇ ಏನೋ ಬೇರೆ ಅನ್ನಿಸಿತು. ಮುಂಗೋಣೆಯ ಕಿಟಕಿಯಲ್ಲಿ ಕಂಡದ್ದು ಇಷ್ಟು: ಬುಗುರಿ ಜಲಜಳ ಮೊಣಕಾಲು ಮುಟ್ಟಿತು. ಅವಳು ಕೈ ತಿರುಗಿಸಿ ಎದ್ದಳು. ಬುಗುರಿ ಬೀದಿಬಾಗಿಲಿಗೆ ಬರಲಿಲ್ಲ, ಅಡುಗೆಮನೆಯನ್ನೂ ದಾಟಿ ಹಿತ್ತಲ ಕಡೆ ಹೋಯಿತು. ಜಲಜ ಅಡುಗೆಮನೆಯಲ್ಲೇ ನಿಂತು ಒಲೆ ನೋಡಿದಳು, ಆರಿತ್ತು. ಮತ್ತೆ ಬಂದು ಕೂತಳು. ಬುಗುರಿ ವಾಪಸು ಬಂದು ಎರಡೂ ಪಂಜ ಅವಳ ಮಡಿಲಿಗೆ ಹಾಕಿತು. ಕೂಗಿ ಪ್ರಯೋಜನವಿಲ್ಲವಲ್ಲ, ನಾನು ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ಓಡಿದೆ.

ಹಿತ್ತಲ ಬಚ್ಚಲಮನೆಯ ತಗಡಿನ ಬಾಗಿಲು ಒಳಗಿನಿಂದ ಧಡಧಡ ಅಲ್ಲಾಡುತ್ತಿತ್ತು. ಕೈತೊಳೆಯಲು ಹೋದ ಶ್ರೀಧರನ ಹಿಂದೆ ಹೊರಗಿನ ಚಿಲಕ ತಾನಾಗಿ ಬಿದ್ದಿತ್ತು. ಫೋನು ಊಟದ ಮೇಜಿನ ಮೇಲೆ. ಪಕ್ಕದ ಅಕ್ಕಿ ಗಿರಣಿಯ ಸದ್ದಿನಲ್ಲಿ ಅವನ "ಅಕ್ಕಾ! ಅಕ್ಕಾ!" ಹತ್ತಿರ ಬಂದ ನನಗೇ ಕಷ್ಟದಲ್ಲಿ ಕೇಳಿತು. ನಾನು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಬುಗುರಿ ಬಂತು, ಹಿಂದೆ ಜಲಜ. ಬುಗುರಿ ಬಾಗಿಲ ಮುಂದೆ ಕೂತು ತಲೆಯೆತ್ತಿ ಜಲಜಳ ಮುಖ ನೋಡಿತು. ನಾನು ಕೈ ಹಿಂದೆಳೆದುಕೊಂಡೆ. ಜಲಜಳೇ ಚಿಲಕ ತೆಗೆದಳು.

ಹಿತ್ತಲ ಕಡೆಯ ಸದ್ದು ನಾವು ಯಾರೂ ಕಲಿಸಿರಲಿಲ್ಲ. "ಅಕ್ಕಾ" ಎಂಬ ಬರೀ ಕೂಗನ್ನೂ ಕಲಿಸಿರಲಿಲ್ಲ.

ಶ್ರೀಧರ ಬೆವರಿ ತೊಪ್ಪೆಯಾಗಿ ಹೊರಬಂದ. "ಎಷ್ಟು ಹೊತ್ತಿಂದ ಕೂಗ್ತಿದೀನಿ ಗೊತ್ತಾ ಅಕ್ಕಾ!"

"ನಂಗೆ ಕಿವಿ ಕೇಳೂದಿಲ್ಲ ಅಂತ ನೀನೇ ಹೇಳ್ತಿದ್ಯಲ್ಲ," ಅಂದಳು ಜಲಜ.

ನನಗೆ ನಗು ತಡೆಯಲಾಗಲಿಲ್ಲ. ಶ್ರೀಧರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬುಗುರಿಯನ್ನೇ ನೋಡಿದ. ಅದು ಜಲಜಳ ಸಂಚಿಯನ್ನು ನೋಡುತ್ತಿತ್ತು. ಕೊನೆಗೆ ಅವನು ಕೈಚಾಚಿ, "ಇಲ್ಲಿ ಕೊಡು ಅಕ್ಕ, ಇವತ್ತಿನದು ನಾನು ಕೊಡ್ತೀನಿ" ಎಂದು ರೊಟ್ಟಿಚೂರು ಇಸಕೊಂಡ. ಸಂಜೆ ಕಾರಿನ ಖಾಲಿ ಡಿಕ್ಕಿಯಲ್ಲಿ ಜಲಜ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೊಂದೇ ಸಾಗರಕ್ಕೆ ಹೋಯಿತು. ಹೊರಡುವಾಗ ಅವನು ಕಾರಿನಿಂದ ಇಳಿದು ಮತ್ತೆ ಬಂದು, "ಆ ಚಿಲಕ ಮಾತ್ರ ತೆಗೆಸಿಬಿಡು" ಅಂದ.

ಮರುದಿನ ಬೆಳಿಗ್ಗೆ ನಾನು ಹೊರಟೆ. ನಿಂಗಪ್ಪನವರ ಅಪ್ಪಣೆ: ನಾಯಿಗೆ ಹೇಳಿ ಹೋಗುವುದೆಲ್ಲ ಬೇಡ, ಸುಮ್ಮನೆ ಎದ್ದು ಬರುವುದು. ಜಲಜ ಮಷಿನ್ನಿನ ಮುಂದೆ, ಬುಗುರಿ ಅವಳ ಕಾಲ ಬಳಿ. ಅವಳಿಗೆ ಕೈಸನ್ನೆಯಲ್ಲೇ ಬರುತ್ತೇನೆ ಅಂದೆ. ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದೆ. ರಸ್ತೆಗಿಳಿದು ಹತ್ತು ಹೆಜ್ಜೆ ಹೋದೆ. ಹನ್ನೊಂದನೆಯದಕ್ಕೆ ಕಾಲು ಬರಲಿಲ್ಲ. ತಿರುಗಿ, ಇಡೀ ವರ್ಷ ಕಲಿಸಿದ್ದನ್ನೆಲ್ಲ ಕೆಡಿಸುವ ಆ ತಪ್ಪನ್ನು ಮಾಡಿದೆ: "ಬುಗುರೀ!"

ಹೊಸ್ತಿಲಲ್ಲಿ ಅದರ ಮುಖ ಕಂಡಿತು. ಎರಡೂ ಕಿವಿ ನಿಮಿರಿದ್ದವು. ನನ್ನನ್ನು ನೋಡಿತು. ಬಾಲ ಅಲ್ಲಾಡಿತು. ಒಂದು ಹೆಜ್ಜೆ ನನ್ನ ಕಡೆ ಇಟ್ಟಿತು. ನಾನು ವಾಪಸು ಬಂದು ಗೇಟು ಹಿಡಿದು ನಿಂತೆ. ಆಮೇಲೆ ಅದು ತಿರುಗಿ ಒಳಗೆ ಓಡಿತು. ಮಷಿನ್ನಿನ ಸದ್ದು ನಿಂತಿತು. ಬುಗುರಿ ಮುಂದೆ, ಜಲಜ ಹಿಂದೆ, ಇಬ್ಬರೂ ಹೊಸ್ತಿಲು ದಾಟಿ ಅಂಗಳಕ್ಕೆ ಬಂದರು. ಬುಗುರಿ ನನ್ನ ಮುಂದೆ ಕೂತು, ತಲೆಯೆತ್ತಿ, ನನ್ನನ್ನಲ್ಲ, ಜಲಜಳನ್ನು ನೋಡಿತು. ಇಗೋ, ಇಲ್ಲಿ, ನಿನ್ನನ್ನು ಯಾರೋ ಕರೆಯುತ್ತಿದ್ದಾರೆ.

ಜಲಜಳ ಬೆರಳಿಗೆ ಇನ್ನೂ ದಾರ ಸುತ್ತಿತ್ತು. ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಕರೆದ್ಯನೇ?"

ಆರು ವರ್ಷದಲ್ಲಿ ಮೊದಲ ಸಲ, ನಾನು ಬೀದಿಯಲ್ಲಿ ನಿಂತು ಕರೆದದ್ದಕ್ಕೆ ಜಲಜ ಓಗೊಟ್ಟಿದ್ದಳು. ಕರೆದದ್ದು ಅವಳನ್ನಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ.

"ಹೂಂ," ಅಂದೆ. "ಕರೆದೆ."